ಕೋವಿಯೊಳಗೆ ಕುಂಬಾರ ಹುಳದ ಸಂಸಾರ

ಇವತ್ತು ಬೆಳಿಗ್ಗೆ ಠಾಣೆಗೆ ಹೋಗಿ, ಚುನಾವಣೆಗೆಂದು ಠೇವಣಿ ಇಡಿಸಿಕೊಂಡಿದ್ದ ನನ್ನ ಲೈಸೆನ್ಸಿನ ಕೋವಿ ಬಿಡಿಸಿಕೊಂಡು ಬಂದೆ. ಅಡವಿಟ್ಟ ಬಂಗಾರ ಬಿಡಿಸಿಕೊಂಡವನ ಹಾಗೆ ಹಿಗ್ಗಿನಿಂದಲೇ ಬಂದೆ ಎನ್ನಿ. ಜಗಲಿಯಲ್ಲಿ ಹಳೆಯ ಪಂಚೆ ಹಾಸಿ, ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದರೆ ಆ ಕಡೆಯ ಬೆಳಕೇ ಕಾಣಲಿಲ್ಲ. ಬಿದಿರು ಕಡ್ಡಿ ತೂರಿಸಿ ತಳ್ಳಿದೆ. ಒಣಗಿದ ಮಣ್ಣಿನ ಉಂಡೆಗಳು ಉದುರಿದವು, ಜೊತೆಗೆ ನಾಲ್ಕು ಸುರುಟಿದ ಹಸಿರು ಹುಳುಗಳು. ಕುಂಬಾರ ಹುಳ ಗೂಡು ಕಟ್ಟಿ, ಮರಿಗಳಿಗೆ ಬುತ್ತಿಯನ್ನೂ ಇಟ್ಟು ಹೋಗಿತ್ತು. ನೋಡದೆ ಒಂದು ಈಡು ಹೊಡೆದಿದ್ದರೆ ನಳಿಗೆ ಸಿಡಿದು ನನ್ನ ಎಡಗೈ ಅಡಿಕೆ ಸಿಪ್ಪೆಯಾಗುತ್ತಿತ್ತು.

2024ರ ಲೋಕಸಭೆ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ಮತ ಎಣಿಕೆ ಜೂನ್ 4ಕ್ಕೆ. ಅಷ್ಟೂ ದಿನ ನನ್ನ ಕೋವಿ ಠಾಣೆಯ ಮೂಲೆಯಲ್ಲಿ, ಗೋಣಿಚೀಲದ ಪಕ್ಕದಲ್ಲಿ. 2023ರಲ್ಲಿ ವಿಧಾನಸಭೆಗೆಂದು ಇದೇ ಮೆರವಣಿಗೆ ಆಗಿತ್ತು. ಜಿಲ್ಲಾ ಪಂಚಾಯಿತಿ ಚುನಾವಣೆ 2021ರಿಂದ ಬಾಕಿ ಬಿದ್ದಿದೆ. ಅದು ನಡೆಯದಿರುವುದಕ್ಕೆ ಒಳಗೊಳಗೇ ಖುಷಿಪಡುವ ಪ್ರಜಾಪ್ರಭುತ್ವವಾದಿ ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ನಮ್ಮ ಮನೆಯ ಕೋವಿಗಳದೇ ಒಂದು ಕಥೆ. ಅಜ್ಜನದು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಅಪ್ಪನದು ಜೋಡುನಳಿಗೆ. ನಾನು ಪಂಪ್ ಆಕ್ಷನ್ ಕೋವಿ ತಂದಾಗ ಊರಿನವರು ಅದಕ್ಕೆ ‘ಸಿನಿಮಾ ಕೋವಿ’ ಎಂದು ಹೆಸರಿಟ್ಟರು. ಇಡಲಿ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಸಾಲಾಗಿ ಮಲಗಿರುತ್ತವೆ. ಆ ಕೊಳವೆಯ ಮೇಲೆ ಜಾರುವ ಹಿಡಿಯನ್ನು ಹಿಂದಕ್ಕೆ ಎಳೆದರೆ ಖಾಲಿ ತೋಟೆ ಹೊರಗೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ. ತನ್ನಷ್ಟಕ್ಕೇ ತುಂಬಿಕೊಳ್ಳುವ ಕೋವಿಗೆ ಸಿಡಿದ ತೋಟೆಯ ಬಲ ಬೇಕು, ತೋಟೆ ಸಪ್ಪೆಯಾದರೆ ಅದು ಮುನಿಸಿಕೊಂಡು ಕೂರುತ್ತದೆ. ಇದಕ್ಕೆ ಆ ಹಂಗಿಲ್ಲ, ದುಡಿಯುವುದು ನಮ್ಮ ಕೈ. ಸಾಸಿವೆಯಂಥ ಚರೆ ತುಂಬಿದ ತೋಟೆಯಾಗಲಿ, ಬಟಾಣಿಗಿಂತ ದಪ್ಪ ಗುಂಡಿನ ಎಲ್‌ಜಿ ಎಂಬ ತೋಟೆಯಾಗಲಿ, ಯಾವುದನ್ನು ಕೊಟ್ಟರೂ ಅದೇ ಹೊಟ್ಟೆಯಲ್ಲಿ ಜೀರ್ಣಿಸಿಕೊಳ್ಳುತ್ತದೆ.

ಟೆಕ್ಸಾಸ್‌ನಲ್ಲಿರುವ ನನ್ನ ಅಕ್ಕನ ಮಗ ಇದನ್ನೇ ಪುರಾಣದಂತೆ ಹೇಳುತ್ತಾನೆ. ಅಲ್ಲಿ ರೆಮಿಂಗ್ಟನ್ 870 ಎಂಬ ಪಂಪ್ ಕೋವಿ 1950ರಿಂದ ಇದೆ, ಒಂದು ಕೋಟಿಗೂ ಹೆಚ್ಚು ತಯಾರಾಗಿವೆ. ಬಾತುಕೋಳಿಗೆ ಒಂದು ತೋಟೆ, ಜಿಂಕೆಗೆ ಒಂಟಿಗುಂಡಿನ ತೋಟೆ, ರಾತ್ರಿ ಮಂಚದ ಪಕ್ಕಕ್ಕೆ ಇನ್ನೊಂದು. “ಮಾವ, ಒಂದೇ ಕೋವಿ ಸಾಕು, ಎಲ್ಲದಕ್ಕೂ ಆಗುತ್ತದೆ” ಎನ್ನುತ್ತಾನೆ. ಆಗುತ್ತದಪ್ಪ, ಕೈಯಲ್ಲಿದ್ದರೆ ತಾನೇ? ಅಲ್ಲಿಯೂ ನಿಯಮಗಳಿವೆ. ವಲಸೆ ಹಕ್ಕಿಯ ಬೇಟೆಗೆ ಹೋಗುವಾಗ ಕೋವಿಯಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ತೋಟೆ ಹಿಡಿಯದಂತೆ ಕೊಳವೆಗೆ ಬೆಣೆ ಹಾಕಬೇಕಂತೆ. ಬೆಣೆ ಹಾಕುತ್ತಾರೆ, ಕೋವಿಯನ್ನೇ ಎತ್ತಿಕೊಂಡು ಹೋಗುವುದಿಲ್ಲ.

ಇಲ್ಲಿ ಬೇಟೆಯ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಮುಗಿದ ಅಧ್ಯಾಯ, ಮುಗಿದದ್ದು ಒಳ್ಳೆಯದೇ. ನನ್ನ ಲೈಸೆನ್ಸಿನಲ್ಲಿರುವುದು ‘ಬೆಳೆ ರಕ್ಷಣೆ’. ಅಂದರೆ ಆಕಾಶಕ್ಕೆ ಒಂದು ಈಡು, ಅಷ್ಟೇ. ಆ ಸದ್ದಿಗೆ ಹಂದಿಯ ಹಿಂಡು ಎರಡು ರಾತ್ರಿ ಈ ಕಡೆ ತಲೆ ಹಾಕುವುದಿಲ್ಲ. ಈ ಸಲ ಕೋವಿ ಠಾಣೆಯಲ್ಲಿತ್ತು. ಏಪ್ರಿಲ್‌ನಲ್ಲಿ ನೆಟ್ಟ ಶುಂಠಿಯ ಏರಿಯನ್ನು ಹಂದಿಗಳು ಟ್ರಾಕ್ಟರ್ ಬಿಟ್ಟಂತೆ ಉತ್ತು ಹೋದವು. ನಾನು ಡಬ್ಬ ಬಡಿದೆ. ಮೊದಲ ರಾತ್ರಿ ಓಡಿದವು. ಮೂರನೆಯ ರಾತ್ರಿ ತಲೆಯೆತ್ತಿ ನೋಡಿ, ಮತ್ತೆ ತಮ್ಮ ಕೆಲಸಕ್ಕೆ ಇಳಿದವು.

“ಮನೆ ರಕ್ಷಣೆಗೂ ಬೇಕಲ್ಲ, ಒಂಟಿ ಮನೆ” ಎಂದು ಕೆಲವರು ನನ್ನ ಪರವಾಗಿ ವಾದಿಸುತ್ತಾರೆ. ಬೇಡ, ಆ ವಾದ ನನಗೆ ಬೇಡ. ಇದನ್ನು ಇದುವರೆಗೆ ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಮಳೆಗಾಲದ ರಾತ್ರಿ, ಕರೆಂಟ್ ಇಲ್ಲ, ಕೊಟ್ಟಿಗೆಯ ಬಳಿ ಹೆಜ್ಜೆ ಸದ್ದು. ಯಾರು ಎಂದು ಎರಡು ಸಲ ಕೂಗಿದೆ, ಮಳೆಯ ಅಬ್ಬರಕ್ಕೆ ಉತ್ತರ ಕೇಳಿಸಲಿಲ್ಲ. ಹಿಡಿಯನ್ನು ಎಳೆದು ತಳ್ಳಿದೆ. ಆ ಖಟಕ್ ಸದ್ದಿಗೇ ಕಳ್ಳ ಓಡುತ್ತಾನೆ ಎನ್ನುತ್ತಾರಲ್ಲ, ಅವನು ಓಡಲಿಲ್ಲ, ಇನ್ನೂ ಹತ್ತಿರ ಬಂದ. ಬೆರಳು ಕೋವಿಯ ಕುದುರೆಯ, ಅಂದರೆ ಟ್ರಿಗರಿನ ಮೇಲಿತ್ತು. ಮಿಂಚಿನ ಬೆಳಕಿನಲ್ಲಿ ಕಂಡದ್ದು ತೋಟದ ಕೆಲಸದ ಹುಡುಗ, ತಲೆಗೆ ಗೊಬ್ಬರದ ಚೀಲದ ಕೊಪ್ಪೆ. ಹೆಂಡತಿಗೆ ಹೆರಿಗೆ ನೋವು, ಜೀಪು ಬೇಕು ಎಂದು ಓಡಿ ಬಂದಿದ್ದ. ಜೀಪು ತೆಗೆಯಲು ಹೋದರೆ ಕೀಲಿ ತೂರಿಸಲು ಕೈ ನಿಲ್ಲಲಿಲ್ಲ. ಅಂದಿನಿಂದ ಕೋವಿ ಒಂದು ಬೀರುವಿನಲ್ಲಿ, ತೋಟೆ ಇನ್ನೊಂದರಲ್ಲಿ, ಎರಡರ ಕೀಲಿಯೂ ಬೇರೆ ಬೇರೆ ಕಡೆ. ಚರೆ ಎಲ್ಲ ಕಡೆ ಹರಡುತ್ತದೆ, ಗುರಿ ಬೇಕಿಲ್ಲ ಎಂದು ಹೇಳುವ ಶೂರರು ಒಮ್ಮೆ ಐದು ಮೀಟರ್ ದೂರದ ರಟ್ಟಿಗೆ ಹೊಡೆದು ನೋಡಲಿ. ಹರಡುವುದು ಹೆಚ್ಚೆಂದರೆ ಗೇಣಗಲ.

ಚುನಾವಣೆಯಲ್ಲಿ ಶಾಂತಿ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು ಸ್ವಾಮಿ. ಆದರೆ ಚುನಾವಣಾ ಆಯೋಗದ ಸೂಚನೆಯನ್ನಾದರೂ ಓದಿ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸಿಕ್ಕಿಬಿದ್ದವರು ಯಾರು ಎಂದು ನೋಡಿ ತೀರ್ಮಾನಿಸಲು ಜಿಲ್ಲೆಗೊಂದು ಪರಿಶೀಲನಾ ಸಮಿತಿ ಇರಬೇಕು ಎಂದಿದೆ. ನಮ್ಮಲ್ಲಿ ಪರಿಶೀಲನೆ ಎಂದರೆ ಬೀಟ್ ಪೊಲೀಸ್ ಫೋನ್ ಮಾಡಿ “ನಾಳೆ ತಂದಿಡಿ” ಎನ್ನುವುದು. ವಿನಾಯಿತಿ ಕೊಡಿ ಎಂದು ಪಹಣಿ ಲಗತ್ತಿಸಿ ಅರ್ಜಿ ಹಾಕಿದೆ. ಇದುವರೆಗೆ ಉತ್ತರವಿಲ್ಲ. ಮೂರೂವರೆ ಅಡಿಯ ಕೋವಿಯನ್ನು ಲುಂಗಿಯೊಳಗೆ ಅಡಗಿಸಿಕೊಂಡು ಮತಗಟ್ಟೆಗೆ ಹೋಗುವವನನ್ನು ನಾನಂತೂ ಕಂಡಿಲ್ಲ. ನೋಟು ಹಂಚುವವರ ಕೈಯಲ್ಲಿ ಕೋವಿ ಇರಲಿಲ್ಲ, ಚೀಲ ಇತ್ತು. ಅದನ್ನು ಯಾರೂ ಠೇವಣಿ ಇಡಿಸಿಕೊಳ್ಳಲಿಲ್ಲ.

ಮಧ್ಯಾಹ್ನದವರೆಗೂ ಸೀಮೆಎಣ್ಣೆ ಬಟ್ಟೆಯಲ್ಲಿ ತುಕ್ಕು ಉಜ್ಜಿದೆ. ನಳಿಗೆಯ ಮೇಲೆ ಹೆಬ್ಬೆರಳಗಲದ ಕಲೆ ಉಳಿದುಬಿಟ್ಟಿತು. ಹಿಡಿ ಈಗಲೂ ಅರ್ಧದಲ್ಲಿ ಗರಗಸದಂತೆ ತಡೆಯುತ್ತದೆ. ಇಷ್ಟಾದ ಮೇಲೆ ಠಾಣೆಗೆ ಹೋಗಿ ಜಗಳವಾಡೋಣವೆಂದು ಅಂಗಿ ಹಾಕಿಕೊಂಡೆ, ಜೇಬಿನಲ್ಲಿ ಬೆಳಗಿನ ರಸೀದಿಯ ಪ್ರತಿ ಸಿಕ್ಕಿತು. ‘ಆಯುಧವನ್ನು ಸುಸ್ಥಿತಿಯಲ್ಲಿ ಮರಳಿ ಪಡೆದಿದ್ದೇನೆ’. ಕೆಳಗೆ ನನ್ನದೇ ಸಹಿ, ಹಿಗ್ಗಿನಲ್ಲಿ ಹಾಕಿದ್ದು, ಬಾಲ ಸ್ವಲ್ಪ ಉದ್ದವಾಗಿಯೇ ಇದೆ.