ಭಾವನ 35 ನಿಮಿಷ

ನಿನ್ನೆ ರಾತ್ರಿ ಭಾವನ ಊರಿಂದ ವಾಪಸ್ ಬಂದೆ. ಕಾಲಿನ ಊತ ಇಳಿದಿದೆ, ಸಿಟ್ಟು ಇಳಿದಿಲ್ಲ. ಎರಡು ಊರುಗಳ ನಡುವೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು ಅಂತ ಮೊಬೈಲ್ ನೋಡಿ ಹೇಳುವವರು ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ, ಅಲ್ವಾ? ನಮ್ಮಲ್ಲಿ ಭಾವ.

ನಾನು ಟಿಕೆಟ್ ತೆಗೆಯುವ ಮೊದಲೇ ಅವರ ಲೆಕ್ಕ ಮುಗಿದಿತ್ತು. "ನೇರ ದೂರ 500 ಕಿಲೋಮೀಟರ್. ವಿಮಾನ ಗಂಟೆಗೆ 850 ಹೋಗತ್ತೆ. ಭಾಗಿಸು. 35 ನಿಮಿಷ!"

"ಟಿಕೆಟ್‌ನಲ್ಲಿ 1 ಗಂಟೆ 20 ನಿಮಿಷ ಅಂತಿದೆಯಲ್ಲ ಭಾವ?"

"ಅದು ಸುಮ್ನೆ ಹಾಕಿರ್ತಾರೆ."

ಸುಮ್ನೆ ಅಲ್ಲ. ಟಿಕೆಟ್‌ನ ಹೊತ್ತು ಅಂದರೆ ವಿಮಾನ ನಿಂತ ಜಾಗದಿಂದ ಕದಲಿ, ಅಲ್ಲಿ ಹೋಗಿ ಮತ್ತೆ ನಿಲ್ಲುವ ತನಕ. ರನ್‌ವೇವರೆಗೆ ತೆವಳಬೇಕು, ಸರದಿ ಕಾಯಬೇಕು. ಗಾಳಿಗೆ ಎದುರಾಗಿ ಏರಬೇಕಾದ್ದರಿಂದ ಒಮ್ಮೊಮ್ಮೆ ಹೋಗುವ ಊರಿಗೆ ಬೆನ್ನು ಹಾಕಿಯೇ ಹೊರಡುತ್ತದೆ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿಲೋಮೀಟರ್ ದಾಟುವಂತಿಲ್ಲ. ಇಷ್ಟು ಹತ್ತಿರದ ಊರಿಗಾದರೆ 850 ಮುಟ್ಟಿದ ಸ್ವಲ್ಪ ಹೊತ್ತಿಗೇ ಇಳಿಯಲು ಶುರು. ತಡವಾದೀತೆಂದು ಕೆಲವು ನಿಮಿಷ ಮೊದಲೇ ಸೇರಿಸಿಯೂ ಇಟ್ಟಿರುತ್ತಾರೆ.

ಇದನ್ನೆಲ್ಲ ಭಾವನಿಗೆ ಹೇಳಿದೆ. ಹುರುಪಿನಲ್ಲಿ, ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗುವಾಗ ಎದುರುಗಾಳಿ, ಹಾಗಾಗಿ ವಾಪಸ್ ಬರುವುದಕ್ಕಿಂತ ಸುಮಾರು ಒಂದು ಗಂಟೆ ಜಾಸ್ತಿ ಅಂತಲೂ ಹೇಳಿದೆ. ಗಂಭೀರವಾಗಿ ಕೇಳಿಸಿಕೊಂಡರು. "ನೀನು ಲಂಡನ್‌ಗೆ ಹೋಗ್ತಿಲ್ವಲ್ಲ" ಅಂದರು.

ನಿನ್ನೆ ವಿಮಾನ ಹತ್ತಿ ಕೂತು ತುಂಬಾ ಹೊತ್ತಾಗಿತ್ತು. ಬಾಗಿಲು ಇನ್ನೂ ಹಾಕಿರಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ಹೊರಡುವ ಸಮಯ ಮೀರಿ ಸರಿಯಾಗಿ 35ನೇ ನಿಮಿಷಕ್ಕೆ ಫೋನ್ ಬಂತು.

"ಇಳಿದ್ಯಾ?"

"ಇನ್ನೂ ಹೊರಟೇ ಇಲ್ಲ ಭಾವ."

"ಹೇಗಾಗತ್ತೆ? ಲೆಕ್ಕದ ಪ್ರಕಾರ ಇಳಿದಿರಬೇಕು. ಕಿಟಕಿಯಲ್ಲಿ ನೋಡು."

ನೋಡಿದೆ! ಅದೇ ನಾಚಿಕೆಗೇಡು. ಎಲ್ಲಾದರೂ ಅವರು ಹೇಳಿದ್ದೇ ಸರಿಯೇನೋ, ನಾನೇ ನಿದ್ದೆಹೋಗಿದ್ದೆನೇನೋ ಅಂತ ಕತ್ತು ಚಾಚಿ ನೋಡಿದೆ. ಅದೇ ಟ್ರಾಲಿ. ಅದಕ್ಕೆ ಒರಗಿ ಆಕಳಿಸುತ್ತಿದ್ದ ಅದೇ ಹುಡುಗ. "ಇಲ್ಲೇ ಇದ್ದೀವಿ" ಅಂದೆ. "ಇನ್ನೊಂದು ಸಲ ಸರಿಯಾಗಿ ನೋಡು" ಅಂದರು. ಪಕ್ಕದ ಸೀಟಿನವರೂ ಈಗ ಕಿಟಕಿಗೆ ಬಗ್ಗಿದರು.

ಕೊನೆಗೆ ಹಾರಿದೆವು, ಇಳಿದೆವು. ನನ್ನ ಬ್ಯಾಗ್ ಎಲ್ಲರ ಬ್ಯಾಗ್ ಹೋದ ಮೇಲೆ ಬಂತು. ರಸ್ತೆಯ ಕತೆ ಬಿಡಿ. ಆ ಮನೆ ಬಾಗಿಲಿನಿಂದ ಈ ಮನೆ ಬಾಗಿಲಿಗೆ ಒಟ್ಟು 7 ಗಂಟೆ. ನಾನೂ ಭಾಗಿಸಿದೆ. ಗಂಟೆಗೆ 71 ಕಿಲೋಮೀಟರ್.

ಅಮ್ಮ ಇದ್ದಾಗ ಇಷ್ಟೆಲ್ಲ ಇರಲಿಲ್ಲ. "ಹೊರಟ್ಯಾ?" ಅಂತ ಒಮ್ಮೆ, "ಮುಟ್ಟಿದ್ಯಾ?" ಅಂತ ಒಮ್ಮೆ. ನಡುವಿನ ಕಿಲೋಮೀಟರ್ ಎಷ್ಟೆಂದು ಅವಳು ಕೇಳಿದ್ದೇ ಇಲ್ಲ. ಎರಡನೇ ಫೋನ್ ಬರುವ ತನಕ ಮಲಗುತ್ತಿರಲಿಲ್ಲ, ಅಷ್ಟೇ.

ಬೆಳಿಗ್ಗೆ ಭಾವನಿಗೆ 71ರ ಲೆಕ್ಕ ಕಳಿಸಿದೆ. ಉತ್ತರ ತಕ್ಷಣ ಬಂತು. "ಮುಂದಿನ ವಾರ ನಾನೇ ಬರ್ತೀನಿ. 7ಕ್ಕೆ ವಿಮಾನ. 7.35ಕ್ಕೆ ಹೊರಗಡೆ ಗಾಡಿ ತಗೊಂಡು ನಿಂತಿರು, ಕಾಯಿಸಬೇಡ."