ಇನ್ನೂ 121 ದಿನ ಇದೆಯಲ್ಲ

ಈ ತಿಂಗಳ ಕರೆಂಟ್ ಬಿಲ್ಲಿನಲ್ಲಿ ಆಲ್ಬಿಯನ್ ಎಂಬ ರಾಜ್ಯದ ಪಾಲೂ ಸೇರಿಕೊಂಡಿದೆ. ಆ ರಾಜ್ಯವನ್ನು ಭೂಪಟದಲ್ಲಿ ಹುಡುಕಬೇಡಿ. ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ, ಟಿ.ವಿ.ಯ ಕೆಳಗಿರುವ ಒಂದು ಪೆಟ್ಟಿಗೆಯೊಳಗೆ ಅದು ಇದೆ. ಅದರ ದೊರೆ ನಮ್ಮ ಯಜಮಾನರು. ದೊರೆಗಳು ಪ್ರಜೆಗಳ ಹಿತಕ್ಕಾಗಿ ರಾತ್ರಿಯಿಡೀ ಯಂತ್ರ ಓಡಿಸಿದ್ದರ ಫಲ ಮೊನ್ನೆ ನನ್ನ ಮೊಬೈಲಿಗೆ ಬಂದು ಬಿತ್ತು. ಬಿಲ್ಲು ನೋಡಿದಿರಾ ಎಂದು ಕೇಳಿದರೆ, ಮೊತ್ತ ಎಷ್ಟೆಂದು ಅವರು ಕೇಳಲಿಲ್ಲ. "ಕಟ್ಟಲು ಕೊನೆಯ ದಿನ ಯಾವುದು?" ಎಂದರು.

ಇಂಥ ಮನುಷ್ಯನ ಕೈಗೆ ಯಾರೋ ಒಂದು ದೇಶವನ್ನು ಕೊಟ್ಟಿದ್ದರು!

ಕೊಟ್ಟವನು ನಾದಿನಿಯ ಮಗ. ಪುಣೆಯಲ್ಲಿ ಕೆಲಸ ಸಿಕ್ಕಿ ಹೊರಟಾಗ ತನ್ನ ಹಳೆಯ ಎಕ್ಸ್‌ಬಾಕ್ಸ್ 360 ಎಂಬ ವಿಡಿಯೊ ಗೇಮ್ ಪೆಟ್ಟಿಗೆಯನ್ನು "ಮಾವ, ನೀವು ಆಡುತ್ತಿರಿ" ಎಂದು ನಮ್ಮ ಮನೆಯಲ್ಲಿ ಇಳಿಸಿ ಹೋದ. ಅದರ ಜೊತೆಗಿದ್ದದ್ದು 2010ರಲ್ಲಿ ಬಂದ 'ಫೇಬಲ್ 3' ಎಂಬ ಆಟ. ಕತ್ತಿ, ಮಂತ್ರ, ತೋಳಮುಖದ ರಾಕ್ಷಸರು ಎಲ್ಲ ಇವೆ. ಆದರೆ ಹುಡುಗ ಹೋಗುವಾಗ ಹೇಳಿದ್ದು ಬೇರೆ: "ಮಾವ, ಇದು ಬರೀ ಹೊಡೆದಾಟವಲ್ಲ. ಇದರಲ್ಲಿ ಧರ್ಮಸಂಕಟಗಳಿವೆ." ಧರ್ಮಸಂಕಟ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಯಕ್ಷಗಾನದ ತಾಳಮದ್ದಳೆ ಕೇಳಿ ಬೆಳೆದ ಇವರು ಕುರ್ಚಿ ಎಳೆದುಕೊಂಡು ಕುಳಿತರು. ಅತ್ತೆಯವರೂ ಜಪಮಣಿ ಹಿಡಿದು ಪಕ್ಕದಲ್ಲಿ ಕುಳಿತರು.

ಕತೆಯೇನೋ ಚೆನ್ನಾಗಿದೆ. ನಾಯಕನ, ಅಂದರೆ ಆಡುವವನ, ಅಣ್ಣ ಲೋಗನ್ ಆಲ್ಬಿಯನ್ನಿನ ಕ್ರೂರಿ ದೊರೆ. ಅವನನ್ನು ಇಳಿಸಲು ನಾಯಕ ಊರೂರು ತಿರುಗಿ ಬೆಂಬಲ ಕೇಳುತ್ತಾನೆ, ಹೋದಲ್ಲೆಲ್ಲ ಭರವಸೆ ಕೊಡುತ್ತಾನೆ. ಗೆದ್ದು ಸಿಂಹಾಸನ ಏರಿದ ಮೇಲೆ ಗೊತ್ತಾಗುತ್ತದೆ, ಒಂದು ವರ್ಷದೊಳಗೆ ಕತ್ತಲೆಯ ಸೈನ್ಯವೊಂದು ದಂಡೆತ್ತಿ ಬರಲಿದೆ, ಅಣ್ಣ ಜನರನ್ನು ಹಿಂಡುತ್ತಿದ್ದದ್ದೂ ಅದಕ್ಕೇ ಎಂದು. ರಾಜ್ಯದ ಜನಸಂಖ್ಯೆ 65 ಲಕ್ಷ. ಖಜಾನೆಯಲ್ಲಿ 65 ಲಕ್ಷ ಚಿನ್ನದ ನಾಣ್ಯ ಇದ್ದರೆ ಎಲ್ಲರೂ ಉಳಿಯುತ್ತಾರೆ. ಒಂದು ನಾಣ್ಯ ಕಡಿಮೆಯಾದರೆ ಒಂದು ಜೀವ ಕಡಿಮೆ. ಕೊಟ್ಟ ಮಾತು ಉಳಿಸಿಕೊಂಡರೆ ಖಜಾನೆ ಬರಿದು, ಮಾತಿಗೆ ತಪ್ಪಿದರೆ ಖಜಾನೆ ಭರ್ತಿ. ಇಷ್ಟನ್ನು ಯೋಚಿಸಿದವನ ತಲೆಗೆ ನಾನೂ ಕೈ ಮುಗಿಯುತ್ತೇನೆ.

ಆ ತಲೆಯವರು ಪೀಟರ್ ಮಾಲಿನ್ಯೂ. ಅವರದೂ ಒಂದು ಸ್ವಾರಸ್ಯವಿದೆ. 2004ರಲ್ಲಿ ಮೊದಲ ಫೇಬಲ್ ಬರುವ ಮುನ್ನ, ಆಟದಲ್ಲಿ ಓಕ್ ಬೀಜ ನೆಟ್ಟರೆ ಕಾಲ ಕಳೆದಂತೆ ಅದು ಬೆಳೆದು ಮರವಾಗುತ್ತದೆ ಎಂದೆಲ್ಲ ಹೇಳಿಕೊಂಡಿದ್ದರು. ಆಟ ಬಂತು, ಮರ ಬರಲಿಲ್ಲ. ಕೊನೆಗೆ ಅವರೇ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಗದ್ದುಗೆಗೆ ಮುಂಚೆ ಆಡಿದ ಮಾತು ಗದ್ದುಗೆ ಏರಿದ ಮೇಲೆ ಎಷ್ಟು ಭಾರವಾಗುತ್ತದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಆದರೆ ದರ್ಬಾರು ಶುರುವಾದ ಮೇಲೆ ನನಗೆ ಆಕಳಿಕೆ ಬಂತು. ಅನಾಥಾಲಯವನ್ನು ದುರಸ್ತಿ ಮಾಡಿಸುವುದೋ, ಅಲ್ಲಿ ವೇಶ್ಯಾಗೃಹ ತೆರೆಯುವುದೋ? ಮಕ್ಕಳನ್ನು ಶಾಲೆಗೆ ಕಳಿಸುವುದೋ, ಕಾರ್ಖಾನೆಗೋ? ಇದಕ್ಕೆ ಧರ್ಮಸಂಕಟ ಎನ್ನುತ್ತಾರೆಯೇ? ಅದೂ ಸಾಲದೆಂದು, ಒಳ್ಳೆಯದರ ಪರವಾಗಿ ಪೇಜ್ ಎಂಬ ಸಜ್ಜನ ಹೆಂಗಸು, ಕೆಟ್ಟದ್ದರ ಪರವಾಗಿ ಎತ್ತರದ ಟೋಪಿ ಹಾಕಿದ ರೀವರ್ ಎಂಬ ಖದೀಮ ವಾದಿಸುತ್ತಾರೆ. ಜಪ ಮಾಡುತ್ತಿದ್ದ ಅತ್ತೆ ಕಣ್ಣು ತೆರೆಯದೆಯೇ "ಆ ಟೋಪಿಯವನ ಮಾತು ಕೇಳಬೇಡವೋ" ಎಂದುಬಿಟ್ಟರು. ಕಣ್ಣು ಮುಚ್ಚಿಯೂ ಬಿಡಿಸಬಹುದಾದ ಸಂಕಟ!

ಸಂಕಟ ನೋಡಬೇಕೆಂದರೆ ಸಂಜೆಯ ಲೋಕಲ್ ರೈಲಿನ ಮಹಿಳೆಯರ ಡಬ್ಬಿಗೆ ಬರಬೇಕು. ರೈಲು ಹೊರಡುವ ಸಿಎಸ್‌ಎಂಟಿ ನಿಲ್ದಾಣದಲ್ಲಿ ಹತ್ತಿದ ಕೂಡಲೇ ಕುಳಿತವರನ್ನೆಲ್ಲ "ಎಲ್ಲಿ ಇಳಿಯುತ್ತೀರಿ?" ಎಂದು ವಿಚಾರಿಸಿ, ಘಾಟ್ಕೋಪರಿನಲ್ಲಿ ಇಳಿಯುವವಳ ಸೀಟನ್ನು ಬಾಯಿಮಾತಿನಲ್ಲೇ ಕಾದಿರಿಸಿಕೊಂಡಿರುತ್ತೇವೆ. ದಾದರಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಎರಡು ಚೀಲ ಹಿಡಿದು ಹತ್ತುತ್ತಾಳೆ. ನನ್ನ ಕಾಲೂ ನೋಯುತ್ತಿದೆ, ಮನೆಗೆ ಹೋಗಿ ಅಡುಗೆಯೂ ಆಗಬೇಕು. ಆಕೆ ಏನೂ ಕೇಳುವುದಿಲ್ಲ, ಸುಮ್ಮನೆ ನನ್ನ ಮುಖ ನೋಡುತ್ತಾಳೆ. ಇಲ್ಲಿ ಪೇಜ್ ಇಲ್ಲ, ರೀವರ್ ಇಲ್ಲ, ಗುಂಡಿ ಒತ್ತಲು ಬೇಕಾದಷ್ಟು ಸಮಯವೂ ಇಲ್ಲ. ನಾನು ಏನು ಮಾಡಿದೆ ಎಂಬುದು ಇಲ್ಲಿ ಬೇಡ. ಫೇಬಲ್‌ನಲ್ಲಿ ಪುಣ್ಯವಂತರ ಬೆನ್ನಿಗೆ ರೆಕ್ಕೆ ಮೂಡುತ್ತದಂತೆ. ಆ ಡಬ್ಬಿಯಲ್ಲಿ ರೆಕ್ಕೆ ಬಿಚ್ಚಲು ಜಾಗವೆಲ್ಲಿದೆ!

ಇರಲಿ. ದೊರೆಗಳು ಎಲ್ಲ ಮಾತನ್ನೂ ಉಳಿಸಿಕೊಂಡರು. ಅನಾಥಾಲಯ ಎದ್ದಿತು, ಶಾಲೆ ತೆರೆಯಿತು, ಕೆರೆ ಉಳಿಯಿತು, ಖಜಾನೆ ಪಾತಾಳ ಕಂಡಿತು. ಆಗ ಫೋನಿನಲ್ಲಿ ಪುಣೆಯ ಅಳಿಯ ಗುಟ್ಟು ಹೇಳಿಕೊಟ್ಟ: "ಮಾವ, ಮನೆಗಳನ್ನು ಕೊಂಡು ಬಾಡಿಗೆಗೆ ಕೊಡಿ."

ಬಾಡಿಗೆ! ಮದುವೆಯಾದಾಗಿನಿಂದ ಬೇರೆಯವರ ಮನೆಗೆ ಬಾಡಿಗೆ ಕಟ್ಟಿ ಸೋತ ಮನುಷ್ಯ ಬೋವರ್‌ಸ್ಟೋನ್ ಪಟ್ಟಣದಲ್ಲಿ ಬೀದಿಗೆ ಬೀದಿಯನ್ನೇ ಕೊಂಡರು. ಬಾಡಿಗೆ ಹೆಚ್ಚಿಸಿದರೆ ಪಾಪ, ಇಳಿಸಿದರೆ ಪುಣ್ಯ ಎಂದು ಆಟದಲ್ಲಿ ಲೆಕ್ಕವಿದೆ. ಮೊದಲು ಇಳಿಸಿಯೇ ಇಟ್ಟಿದ್ದರು. ಆಮೇಲೆ ಸಾಧಾರಣಕ್ಕೆ ತಂದರು. ಒಂದು ದಿನ ನೋಡಿದರೆ ಎಲ್ಲ ಮನೆಗಳಿಗೂ ಹೆಚ್ಚಿನ ಬಾಡಿಗೆ. ಇದೇನು ಎಂದರೆ "ನನಗೂ ಖರ್ಚಿದೆಯಲ್ಲ, ಎಲ್ಲಿಂದ ತರಲಿ?" ಎಂದರು. ಕಳೆದ ವರ್ಷ ನಮ್ಮ ಮಾಲೀಕರು ಶೇಕಡಾ 10 ಏರಿಸಿದಾಗ ಹೇಳಿದ್ದು ಅಕ್ಷರಶಃ ಇದನ್ನೇ. ಆ ರಾತ್ರಿ ಇವರು ಕೋಪದಿಂದ ಊಟ ಬಿಟ್ಟಿದ್ದರು.

ಬಾಡಿಗೆ ಜಮಾ ಆಗಬೇಕಾದರೆ ಆಟ ಓಡುತ್ತಲೇ ಇರಬೇಕು. ಆಡುವವನು ಸುಮ್ಮನಿದ್ದರೆ ಕೈಯಲ್ಲಿರುವ ಕಂಟ್ರೋಲರ್ ತಾನೇ ಆರಿಹೋಗುತ್ತದೆ. ಇದಕ್ಕೂ ಅಳಿಯನ ಬಳಿ ಉಪಾಯವಿತ್ತು. ಒಂದು ದಿನ ಬೆಳಗ್ಗೆ ಐದಕ್ಕೆ ಡಬ್ಬಿಗೆ ಪಲ್ಯ ಮಾಡಲು ಎದ್ದು ಬಂದರೆ ಹಾಲಿನಲ್ಲಿ ನೀಲಿ ಬೆಳಕು. ಟೀಪಾಯಿಯ ಮೇಲೆ ಕಂಟ್ರೋಲರ್, ಅದರ ಎರಡು ಗುಬುಟುಗಳನ್ನು ಸೇರಿಸಿ ಬಿಗಿದ ರಬ್ಬರ್ ಬ್ಯಾಂಡ್. ಹಿಂದಿನ ದಿನ ನಾನು ಸ್ಟೇಷನ್ ಬಳಿ ಕೊಂಡ ಕೊತ್ತಂಬರಿ ಕಟ್ಟಿನದೇ, ಒಂದು ಎಲೆ ಇನ್ನೂ ಅಂಟಿಕೊಂಡಿತ್ತು. ಪರದೆಯ ಮೇಲೆ ಕಿರೀಟ ತೊಟ್ಟ ದೊರೆ ಒಬ್ಬನೇ ಗಿರಗಿರ ಸುತ್ತುತ್ತಿದ್ದ. ಅತ್ತೆ ಎದ್ದು ಬಂದು ಸ್ವಲ್ಪ ಹೊತ್ತು ನೋಡಿ "ಪಾಪ, ಯಾವ ಹರಕೆಯೋ ಏನೋ, ದೇವರೇ ಕಾಣಿಸುತ್ತಿಲ್ಲ, ಪ್ರದಕ್ಷಿಣೆ ಮಾತ್ರ ನಡೆದಿದೆ" ಎಂದರು. ನಿಜವಾದ ದೊರೆ ಒಳಗೆ ಗೊರಕೆ ಹೊಡೆಯುತ್ತಿದ್ದರು. ಮೀಟರು ಹೊರಗೆ ಓಡುತ್ತಿತ್ತು.

ಈ ಆಟದಲ್ಲಿ ನನಗೆ ಮನಸಾರೆ ಇಷ್ಟವಾದ ಕಾಯಿದೆ ಒಂದಿದೆ: ಮನೆ ಹಾಳಾದರೆ ಬಾಡಿಗೆದಾರ ಬಾಡಿಗೆ ಕೊಡುವುದನ್ನು ನಿಲ್ಲಿಸುತ್ತಾನೆ. ಎಂಥ ದೇಶ! ಹಾಗಾಗಿ ದೊರೆಗಳು ದಿನವೂ ನಕ್ಷೆಯ ಮುಂದೆ ಕುಳಿತು ಒಂದೊಂದೇ ಮನೆಯನ್ನು ಆರಿಸಿ ದುರಸ್ತಿ ಮಾಡುತ್ತಿದ್ದರು. ಎಲ್ಲವನ್ನೂ ಒಟ್ಟಿಗೆ ಮಾಡುವ ಗುಂಡಿ ಇಲ್ಲ. ಅದೇ ಹೊತ್ತಿಗೆ ನಮ್ಮ ಬಚ್ಚಲುಮನೆಯಿಂದ ಕೆಳಗಿನ ಮನೆಯ ಛಾವಣಿಗೆ ನೀರು ಜಿನುಗುತ್ತಿತ್ತು. ಕೆಳಗಿನ ಮನೆಯಾಕೆ ಬಂದು ಕರೆಗಂಟೆ ಒತ್ತಿದರೆ ಇವರು "ಪ್ಲಂಬರಿಗೆ ಹೇಳೋಣ, ಮಳೆಗಾಲಕ್ಕೆ ಇನ್ನೂ ಸಮಯ ಇದೆಯಲ್ಲ" ಎಂದು ಹೇಳಿ ಕಳಿಸಿ, ಮತ್ತೆ ಬೋವರ್‌ಸ್ಟೋನಿನ ಹೆಂಚು ಹೊದಿಸಲು ಕೂರುತ್ತಿದ್ದರು.

'ಇನ್ನೂ ಸಮಯ ಇದೆಯಲ್ಲ' ಎನ್ನುವುದು ಇವರ ಉಸಿರು. ಕರೆಂಟ್ ಬಿಲ್ಲಿಗೆ ಕೊನೆಯ ದಿನ, ತೆರಿಗೆ ವಿವರಕ್ಕೆ ಕೊನೆಯ ರಾತ್ರಿ, ಗಣಪತಿ ಹಬ್ಬಕ್ಕೆ ಊರಿಗೆ ಹೋಗುವ ಕೊಂಕಣ ರೈಲಿನ ಟಿಕೆಟ್ಟಿಗೆ ವೇಟಿಂಗ್ ಲಿಸ್ಟಿನ ಬಾಲ. ನಮ್ಮ ಮದುವೆಯ ಮುಹೂರ್ತವನ್ನು ತಪ್ಪಿಸಲಿಲ್ಲ, ಏಕೆಂದರೆ ಮಾವನವರು ಹಿಂದೆ ನಿಂತಿದ್ದರು. ಬಾಡಿಗೆಯ ಗಂಟು ದೊರೆಯ ಸ್ವಂತ ಜೇಬಿನಲ್ಲಿ ಬೆಳೆಯಿತು, 65 ಲಕ್ಷವನ್ನೂ ದಾಟಿತು. ಅದನ್ನು ರಾಜ್ಯದ ಖಜಾನೆಗೆ ವರ್ಗಾಯಿಸುವುದೊಂದೇ ಬಾಕಿ. "ಹಾಕಿಬಿಡಿ" ಎಂದು ಮಗಳು ಹೇಳಿದಳು. ಪರದೆಯ ಮೇಲೆ ದಾಳಿಗೆ ಇನ್ನೂ 121 ದಿನ ಎಂದು ಬರೆದಿತ್ತು. "ಇನ್ನೂ 121 ದಿನ ಇದೆಯಲ್ಲ" ಎಂದು ಇವರು ಹಾಯಾಗಿ ದರ್ಬಾರಿಗೆ ನಡೆದರು.

ಆ 121 ದಿನ ಬರಲೇ ಇಲ್ಲ. ಆಟ ಅಲ್ಲಿಂದ ಒಂದೇ ನೆಗೆತಕ್ಕೆ ದಾಳಿಯ ದಿನಕ್ಕೆ ಹಾರಿಬಿಡುತ್ತದೆ. ಲೋಕದ ತುಂಬ ಎಷ್ಟೋ ಆಟಗಾರರು ಇದೇ ಜಾಗದಲ್ಲಿ ಬಿದ್ದಿದ್ದಾರೆಂದು ಅಳಿಯ ಸಮಾಧಾನ ಹೇಳಿದ. ಇವರು ಮಾತ್ರ ಎದ್ದು ನಿಂತು "ಇದು ಮೋಸ! ಗಡುವಿಗೆ ಮೊದಲೇ ಹೇಗೆ ಬರುತ್ತಾರೆ?" ಎಂದು ಟಿ.ವಿ.ಯನ್ನು ಕೇಳಿದರು. ಆಟ ತಾನೇ ತಾನಾಗಿ ಸೇವ್ ಮಾಡಿಕೊಳ್ಳುವುದರಿಂದ ಹಿಂದಕ್ಕೆ ಹೋಗಲೂ ದಾರಿಯಿಲ್ಲ. ದೊರೆಯ ಜೇಬು ತುಂಬಿತ್ತು, ಪ್ರಜೆಗಳು ಸತ್ತಿದ್ದರು. ಮರುದಿನ ಸೂತಕದ ಮುಖ ಹೊತ್ತು ತಿರುಗಿದವರು ಹಾಲು ತರುವುದನ್ನೂ ಮರೆತರು.

ಆಮೇಲೂ ಒಂದೆರಡು ಸಂಜೆ ಇವರು ಬೋವರ್‌ಸ್ಟೋನಿನಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದರು. ಒಂದೊಂದಾಗಿ ರಿಪೇರಿ ಮಾಡಿದ ಮನೆಗಳೆಲ್ಲ ಹೊಸದರಂತೆ ನಿಂತಿದ್ದವು, ಬೀದಿಯಲ್ಲಿ ಜನರಿರಲಿಲ್ಲ. ಅದನ್ನು ನೋಡುತ್ತಿದ್ದಾಗ ನನಗೇಕೋ ಮುಲುಂಡಿನ ನಮ್ಮ ಹಳೆಯ ಮನೆ ನೆನಪಾಯಿತು. ಅಡುಗೆಮನೆಯ ಬಾಗಿಲಿನ ಪಕ್ಕದ ಗೋಡೆಯಲ್ಲಿ ಮಗಳ ಎತ್ತರದ ಪೆನ್ಸಿಲ್ ಗೆರೆಗಳಿದ್ದವು, ಒಂದರ ಮೇಲೊಂದು, ಪಕ್ಕದಲ್ಲಿ ಇವರ ಅಕ್ಷರದಲ್ಲಿ ತಾರೀಖು. ಬಿಟ್ಟು ಬರುವಾಗ ಗೋಡೆ ಹಾಳು ಮಾಡಿದ್ದೀರಿ ಎಂದು ಬಣ್ಣದ ಖರ್ಚನ್ನು ಡಿಪಾಸಿಟ್ಟಿನಿಂದ ಮುರಿದುಕೊಂಡಿದ್ದರು. ಈಗ ಆ ಬಣ್ಣದ ಕೆಳಗೆ ಅವಳು ಇನ್ನೂ ಮೂರು ಅಡಿ ಇರಬೇಕು.

ನೀವು ಕೇಳಿದರೆ, ಆಟ ಹೊಳೆಯುವುದು ಮಾತು ಕೊಡುವವರೆಗೆ. ಮಾತನ್ನು ಉಳಿಸಿಕೊಳ್ಳಲು ಮನೆಬಾಡಿಗೆ ಸಾಕು ಎಂದಾದ ಮೇಲೆ ಧರ್ಮಕ್ಕೇನು ಕೆಲಸ? ಹತ್ತಾರು ಮನೆ ಇರುವವನು ಸತ್ಯವಂತನಾಗುವುದರಲ್ಲಿ ಹೆಚ್ಚುಗಾರಿಕೆ ಏನಿದೆ? ಹೀಗೆಂದು ಇವರಿಗೆ ಹೇಳಿದೆ. "ನೀನು ದೊರೆಯಾಗಿ ನೋಡು, ಗೊತ್ತಾಗುತ್ತದೆ" ಎಂದರು.

ಭಾನುವಾರ ನಮ್ಮ ಮಾಲೀಕರು ಹೊಸ 11 ತಿಂಗಳ ಕರಾರಿನ ಕರಡು ಹಿಡಿದು ಬಂದರು. ಈ ಸಲವೂ ಶೇಕಡಾ 10. ಬಚ್ಚಲಿನ ನೀರಿನ ವಿಷಯ ತೆಗೆದು ಸರಿಯಾಗಿ ವಾದಿಸಬೇಕೆಂದು ಇವರಿಗೆ ಮೊದಲೇ ಪಾಠ ಮಾಡಿಸಿದ್ದೆ. ಮಾಲೀಕರು, ಅಂದರೆ ನಮ್ಮ ಕಾಕಾ, ಸೊಸೈಟಿಯ ನಿರ್ವಹಣಾ ವೆಚ್ಚ, ಆಸ್ತಿ ತೆರಿಗೆ, ಬಣ್ಣದ ಕೂಲಿ ಎಂದು ಮರಾಠಿಯಲ್ಲಿ ಒಂದೊಂದೇ ಬಿಚ್ಚುತ್ತಾ ಹೋದರು. ಇವರು ವಾದಿಸುವುದು ಬಿಟ್ಟು, ಮನೆಗಳಿರುವವನ ಕಷ್ಟ ಮನೆಗಳಿರುವವನಿಗೇ ಗೊತ್ತು ಎಂಬಂತೆ ತಲೆದೂಗಿದರು. ಅಷ್ಟೇ ಅಲ್ಲ, ಬೋವರ್‌ಸ್ಟೋನಿನ ದುರಸ್ತಿಯ ಗೋಳನ್ನು ತಾವೂ ತೋಡಿಕೊಂಡರು. ಕಾಕಾಗೆ ಮೊದಲು ಅದು ಕರ್ನಾಟಕದ ಯಾವುದೋ ಊರು ಎನಿಸಿತು. ಆಟ ಎಂದು ತಿಳಿದ ಮೇಲೂ ಆಸಕ್ತಿ ಕುಗ್ಗಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು ಮುಂದಕ್ಕೆ ಬಾಗಿ ಕೇಳಿದರು:

"ಅಲ್ಲಿ ಡಿಪಾಸಿಟ್ ಎಷ್ಟು ತೆಗೆದುಕೊಳ್ಳುತ್ತೀರಿ?"

"ಡಿಪಾಸಿಟ್ ಇಲ್ಲ ಕಾಕಾ, ಬರೀ ಬಾಡಿಗೆ."

ಕಾಕಾ ಬಹಳ ಹೊತ್ತು ಇವರನ್ನೇ ಕನಿಕರದಿಂದ ನೋಡಿದರು. "ಮತ್ತೆ ರಾಜ್ಯ ಮುಳುಗದೆ ಏನಾಗುತ್ತದೆ?" ಎಂದು ಕರಡಿನ ಕೊನೆಯ ಪುಟ ತೆರೆದು ಪೆನ್ನು ಕೊಟ್ಟರು.