ಎಂಟು ಸೆಕೆಂಡು ಅಲ್ಲಾಡಬೇಡಿ

ಮೇ ತಿಂಗಳ ಕೊನೆಯಲ್ಲಿ ಎರಡು ಮಳೆ ಬಿದ್ದು, ಮಲೆನಾಡಿನ ನಮ್ಮ ಮನೆಯ ಕರೆಂಟು ವಾಡಿಕೆಯಂತೆ ಹೋಗಿದ್ದ ರಾತ್ರಿ, ತೋಟದಂಚಿನ ಮಾವಿನ ಮರದ ತುಂಬ ಮಿಂಚುಹುಳುಗಳು ಮಿನುಗತೊಡಗಿದವು. ಕ್ಯಾಮೆರಾ ಕೊಂಡು ಎರಡೇ ವಾರವಾಗಿದ್ದ ನಾನು ಅಂಗಳದಲ್ಲಿ ಟ್ರೈಪಾಡ್ ನಿಲ್ಲಿಸಿ, ಲೆನ್ಸಿನಲ್ಲಿ ಬೆಳಕು ನುಗ್ಗುವ ಕಿಂಡಿಯಾದ ಅಪರ್ಚರನ್ನು ಪೂರ್ತಿ ತೆರೆದು, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವೆಂದು ಹೇಳುವ ಐಎಸ್‌ಒ 1600ಕ್ಕೂ ಬೆಳಕನ್ನು ಒಳಬಿಡುವ ಪರದೆಯಾದ ಶಟರನ್ನು 30 ಸೆಕೆಂಡಿಗೂ ಹೊಂದಿಸಿದೆ. ಕತ್ತಲೆಯಲ್ಲಿ ಹಿಡಿಯಲು ಏನೂ ಸಿಗದ ಆಟೋಫೋಕಸ್, ಕನ್ನಡಕ ಕಳೆದುಕೊಂಡವರು ತಡಕಾಡುವಂತೆ ಲೆನ್ಸನ್ನು ಹಿಂದೆ ಮುಂದೆ ತಿರುಗಿಸುತ್ತಲೇ ಇತ್ತು. ಮರಕ್ಕೆ ಟಾರ್ಚ್ ಬಿಟ್ಟು ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಬದಲಾಯಿಸಿದೆನಾದರೂ, ಆ ಬೆಳಕಿಗೆ ಮುನಿದ ಹುಳುಗಳು ಬಹಳ ಹೊತ್ತು ತಮ್ಮ ದೀಪ ಆರಿಸಿಕೊಂಡೇ ಕುಳಿತವು.

ಕೊನೆಗೂ ಶಟರ್ ತೆರೆದು ಮುಚ್ಚಿತು. ಚಿತ್ರ ಮಾತ್ರ ಬರಲಿಲ್ಲ. ಕ್ಯಾಮೆರಾ ಕೆಟ್ಟಿತೆಂದು ಗಾಬರಿಗೊಂಡು ಬ್ಯಾಟರಿ ಕಿತ್ತೆ. ಶಟರ್ ಬಹಳ ಹೊತ್ತು ತೆರೆದಿಡುವ ದೀರ್ಘ ಎಕ್ಸ್‌ಪೋಷರಿನಲ್ಲಿ ಮೂಡುವ ಕಲೆಗಳನ್ನು ಅಳಿಸಲು ಅದು ಶಟರ್ ಮುಚ್ಚಿಕೊಂಡೇ ಅಷ್ಟೇ ಹೊತ್ತಿನ ಇನ್ನೊಂದು ಕಪ್ಪು ಚಿತ್ರ ತೆಗೆದು ಮೊದಲನೆಯದರಿಂದ ಕಳೆಯುತ್ತದೆಂಬ ಸಂಗತಿ ಕೈಪಿಡಿಯಲ್ಲಿತ್ತು, ಕೈಪಿಡಿ ಡಬ್ಬಿಯಲ್ಲಿತ್ತು. ಎರಡನೆಯ ಪ್ರಯತ್ನದ ಹತ್ತನೆಯ ಸೆಕೆಂಡಿಗೆ, ಅಂಗಳದ ಸದ್ದು ಕಾಡುಹಂದಿಯದೆಂದು ತೀರ್ಮಾನಿಸಿದ ಚಿಕ್ಕಪ್ಪ ದೊಡ್ಡ ಟಾರ್ಚ್ ಬೀಸುತ್ತ ತೋಟದತ್ತ ಓಡಿದರು. ಚಿತ್ರದಲ್ಲಿ ಚಿಕ್ಕಪ್ಪನ ಸುಳಿವೇ ಇರಲಿಲ್ಲ. ಮೆಟ್ಟಿಲಿನಿಂದ ತೋಟದವರೆಗೆ ಬೆಳಕಿನ ಕೇರೆಹಾವೊಂದು ಹರಿದುಹೋಗಿತ್ತು.

ಹುಳುಗಳ ಆಸೆ ಬಿಟ್ಟು, ಲಾಟೀನಿನ ಬೆಳಕಿನಲ್ಲಿ ಮನೆಯವರದ್ದೊಂದು ಚಿತ್ರ ತೆಗೆಯೋಣವೆಂದು ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ, ಎಂಟು ಸೆಕೆಂಡು ಯಾರೂ ಅಲ್ಲಾಡಬಾರದೆಂದು ಆಜ್ಞೆ ಮಾಡಿದೆ. ಎಂಟು ಸೆಕೆಂಡೆಂದರೆ ಎಷ್ಟು ದೊಡ್ಡ ಕಾಲವೆಂಬುದು ನಮ್ಮ ಮನೆಯವರನ್ನು ಸುಮ್ಮನೆ ಕೂರಿಸಿ ನೋಡದವರಿಗೆ ತಿಳಿಯುವುದಿಲ್ಲ. ಅತ್ತೆ ಸೊಳ್ಳೆ ಹೊಡೆದರು, ಮಕ್ಕಳು ನಕ್ಕರು, ಅಜ್ಜಿ "ಆಯಿತೇನೋ?" ಎಂದು ಮೂರು ಬಾರಿ ಕೇಳಿದರು.

1838ರಲ್ಲಿ, ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಫ್ರಾನ್ಸಿನ ಡಾಗೆರ್ ಪ್ಯಾರಿಸಿನ ಬೀದಿಯೊಂದನ್ನು ಹಲವು ನಿಮಿಷಗಳ ಎಕ್ಸ್‌ಪೋಷರಿನಲ್ಲಿ ಸೆರೆಹಿಡಿದಾಗ ಓಡಾಡುತ್ತಿದ್ದ ಜನ, ಗಾಡಿ, ಕುದುರೆಗಳೆಲ್ಲ ಅಳಿಸಿಹೋಗಿ, ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದವನೊಬ್ಬ ಮಾತ್ರ ಸ್ಪಷ್ಟವಾಗಿ ಉಳಿದನಂತೆ. ನಮ್ಮ ಜಗಲಿಯಲ್ಲಿ ಆ ಭಾಗ್ಯ ಆರಾಮ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ ಅಜ್ಜನಿಗೆ ಒದಗಿತು. ಅವರ ಗಡ್ಡದ ಒಂದೊಂದು ಕೂದಲನ್ನೂ ಎಣಿಸಬಹುದಾಗಿತ್ತು. ಅವರ ಪಕ್ಕದಲ್ಲಿ ಸೀರೆಯುಟ್ಟ ಬಿಳಿಯ ಹೊಗೆಯೊಂದು ಕುಳಿತಿತ್ತು. ಕನ್ನಡಕ ಏರಿಸಿ ಅದನ್ನು ಬಹಳ ಹೊತ್ತು ನೋಡಿದ ಅಜ್ಜಿ, "ನಾನಿನ್ನೂ ಬದುಕಿದ್ದೇನೆ ಮಾರಾಯ" ಎಂದು ಕ್ಯಾಮೆರಾ ನನ್ನ ಕೈಗಿಟ್ಟು ಒಳಗೆ ಹೋದರು.